ಗ್ರೈಂಡರಿಗೆ ಹೊದಿಸಿದ ಬಟ್ಟೆ

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲು ಇರಲಿಲ್ಲ. ಎಡಗೈ ನೋಡಿದರೆ ಕರಡಿಯದ್ದೇ. ವರ್ಷಗಟ್ಟಲೆ ದೋಸೆ ಕಾವಲಿಯ ಉರಿಗೆ ಒಡ್ಡಿದ ಆ ಬಲಗೈ ತಾಮ್ರದ ಬಣ್ಣಕ್ಕೆ ತಿರುಗಿ ನುಣ್ಣಗಾಗಿತ್ತು. ನಾಸಿಕ್‌ನ ಸಾತಪುರದಲ್ಲಿ ನಮ್ಮ ಬ್ಯಾಂಕಿನ ಎದುರಿಗೇ ಅವರ ಹೋಟೆಲು. ಗದಗಿನಿಂದ ವರ್ಗವಾಗಿ ಬಂದ ಹೊಸದರಲ್ಲಿ ನಾನು ಅಲ್ಲಿ ಹಿಂದಿಯಲ್ಲಿ ದೋಸೆ ಹೇಳಿ, ಫೋನಿನಲ್ಲಿ ಅವ್ವನ ಜೊತೆ ಕನ್ನಡದಲ್ಲಿ ಜಗಳ ಆಡುತ್ತ ಕೂತಿದ್ದೆ. ದೋಸೆ ತಂದಿಟ್ಟವರು ಕನ್ನಡದಲ್ಲೇ ಹೇಳಿದರು: "ಮೊದಲು ತಿನ್ನಿ. ಜಗಳ ತಣ್ಣಗಾದ್ರೆ ಒಳ್ಳೇದೇ, ದೋಸೆ ತಣ್ಣಗಾಗ್ಬಾರ್ದು."

ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟವರನ್ನೆಲ್ಲ ಇಲ್ಲಿಯವರು ಅಣ್ಣಾ ಎಂದೇ ಕರೆಯುವುದು. ನನಗೂ ಅವರು ಅಣ್ಣನಾದರು. ನಾನು ಅವರಿಗೆ ಕೆಲವು ದಿನ ಮೇಡಂ ಆಗಿದ್ದು, ಆಮೇಲೆ ತಂಗಿಯಾದೆ.

ಹೋಟೆಲಿನಲ್ಲಿ ಟಿವಿ ಇತ್ತು, ಅದಕ್ಕೆ ದನಿ ಇರಲಿಲ್ಲ. ಪಾಳಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಫ್ಯಾಕ್ಟರಿಯವರು ಜೋರು ಮಾಡಿ ಎಂದರೆ ಅಣ್ಣ ರಿಮೋಟನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಟಿವಿಯವ್ರು ಬೈಯುದೆಲ್ಲ ತಿನ್ನುವವರ ಹೊಟ್ಟೆಗೆ ಹೋಗ್ತದೆ ಮಾರಾಯ್ತಿ. ಆಮೇಲೆ ಸಾಂಬಾರು ಸರಿ ಇಲ್ಲ ಅಂತಾರೆ" ಎಂದು ನನಗೆ ಕಾರಣ ಹೇಳಿದ್ದರು. ನಾಸಿಕ್‌ನದೇ ಒಂದು ಸುದ್ದಿ ಚಾನೆಲ್ಲಿನಲ್ಲಿ ಒಬ್ಬ ದಿನಾ ಸಂಜೆ ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದ. ಮೊಬೈಲಿನಲ್ಲಿ ಕೇಳಿದರೆ ಅವನ ಪ್ರತಿ ಮಾತೂ "ನೀವೇ ಹೇಳಿ" ಎಂದು ಮುಗಿಯುತ್ತಿತ್ತು. ಅಣ್ಣ ಅವನಿಗೆ ಪ್ರಶ್ನೆಯವ ಎಂದು ಹೆಸರಿಟ್ಟಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅವನ ನಿಜವಾದ ಹೆಸರು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ.

ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಅಣ್ಣನ ಹೋಟೆಲಿನಲ್ಲಿ ಇಡ್ಲಿ, ದೋಸೆ ಇರುತ್ತಿರಲಿಲ್ಲ. ಹಿಟ್ಟು ರುಬ್ಬುವ ಗ್ರೈಂಡರಿಗೆ ಪೂಜೆ, ಅದಕ್ಕೆ ಒಂದು ದಿನ ರಜೆ. ಬಂದವರಿಗೆಲ್ಲ ಅವಲಕ್ಕಿ ಪ್ರಸಾದ. ಅಣ್ಣನ ಹೆಂಡತಿ, ನಾವು ಅಕ್ಕ ಎನ್ನುವವರು, ಮನೆಗೆ ಬಂದ ರವಿಕೆ ಕಣಗಳನ್ನು ಜೋಡಿಸಿ ಪ್ರತಿ ವರ್ಷ ಗ್ರೈಂಡರಿಗೆ ಹೊಸ ಹೊದಿಕೆ ಹೊಲಿಯುತ್ತಿದ್ದರು. ಆ ವರ್ಷದ್ದು ಮೇಲೆ ಹಳದಿ, ಕೆಳಗೆ ಕೆಂಪು. ಮರುದಿನ ಅದನ್ನು ಒಗೆದು ಹೋಟೆಲಿನ ಮೇಲಿನ ಕಟಾಂಜನದ ಕಂಬಿಗೆ ಹರವಿದ್ದರು.

ಅದೇ ಬೆಳಿಗ್ಗೆ ಪ್ರಶ್ನೆಯವ ಕ್ಯಾಮೆರಾದವನ ಜೊತೆ ತಿಂಡಿಗೆ ಬಂದಿದ್ದ. ಗಡಿ ಜಗಳ ಮತ್ತೆ ಕಾವೇರಿದ್ದ ಸಮಯ. ಬಸ್ಸುಗಳಿಗೆ ಮಸಿ ಬಳಿಯುವುದು ಆಚೆಯೂ ನಡೆದಿತ್ತು, ಈಚೆಯೂ ನಡೆದಿತ್ತು. ಹೊರಗೆ ನಿಂತು ಮೇಲೆ ನೋಡಿದ ಅವನು, "ಅಣ್ಣಾ, ಹೇ ಕಾಯ್?" ಇದೇನು ಎಂದು ಕೇಳಿದ. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಗ್ರೈಂಡರಿನ ಹೊದಿಕೆ, ನಿನ್ನೆ ಪೂಜೆ ಇತ್ತು, ಎಂದು ಅಣ್ಣ ಚೆಂದದ ಮರಾಠಿಯಲ್ಲಿ ಬಿಡಿಸಿ ಹೇಳಿ, ಉಳಿದಿದ್ದ ಅವಲಕ್ಕಿಯನ್ನು ಇಬ್ಬರ ಕೈಗೂ ಹಾಕಿದರು. ಇಬ್ಬರೂ ಕಣ್ಣಿಗೆ ಒತ್ತಿಕೊಂಡು ತಿಂದರು.

ಸಂಜೆ ಎಲ್ಲರ ಮೊಬೈಲಿನಲ್ಲೂ ಆ ಬಟ್ಟೆ ಗಾಳಿಗೆ ಹಾರುತ್ತಿತ್ತು. ನಮ್ಮ ಊರಿನಲ್ಲಿ ಕರ್ನಾಟಕದ ಬಾವುಟವೇ? ನಮ್ಮ ಅನ್ನ ತಿಂದು ಯಾರಿಗೆ ಸಲಾಮು? ಇನ್ನೂ ಸುಮ್ಮನೆ ಕೂರಬೇಕೇ, ನೀವೇ ಹೇಳಿ.

ಮರುದಿನ ತಿಂಡಿಯ ಹೊತ್ತಿಗೆ ಉತ್ತರ ಬಂತು. ಕೊರಳಿಗೆ ಪಕ್ಷದ ಶಾಲು ಸುತ್ತಿಕೊಂಡ ಗುಂಪು ಗಾಜು ಒಡೆದು, ಬೆಂಚು ಮುರಿದು ಬಾವುಟಕ್ಕಾಗಿ ಹುಡುಕಿತು. ಅಕ್ಕ ಅದನ್ನು ಹಿಟ್ಟಿನ ಪಾತ್ರೆಯೊಳಗೆ ಮುಳುಗಿಸಿದ್ದರು. ಬಟ್ಟೆ ಸಿಗದ ಸಿಟ್ಟಿಗೆ ಗುಂಪಿನವನೊಬ್ಬ ಗ್ರೈಂಡರಿನ ಮೇಲೆ ರಾಡು ಎತ್ತಿದ. ಅಣ್ಣ ಕೈ ಅಡ್ಡ ಇಟ್ಟರು. ನಾನು ರಸ್ತೆ ದಾಟಿ ಬರುವಷ್ಟರಲ್ಲಿ ಆ ತಾಮ್ರದ ಕೈ ಮಣಿಕಟ್ಟಿನಿಂದ ಕೆಳಗೆ ಜೋತಾಡುತ್ತಿತ್ತು. ರಾಡು ಹಿಡಿದವನು ದಿನಾ ಬಂದು ಮತ್ತೆ ಮತ್ತೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದ ಲೇತ್ ಕೆಲಸದವ.

ಮೂಳೆ ಕೂಡಿತು, ಮಣಿಕಟ್ಟು ತಿರುಗಲಿಲ್ಲ. ಮಣಿಕಟ್ಟು ತಿರುಗದೆ ಕಾವಲಿಯ ಮೇಲೆ ಹಿಟ್ಟು ಹರಡಲು ಆಗುವುದಿಲ್ಲ.

ಚಟ್ನಿಯವನನ್ನು ಪೊಲೀಸರು ಹಿಡಿದರು. ನಾನು ಪ್ರಶ್ನೆಯವನ ಮೇಲೂ ದೂರು ಕೊಡಲು ಹೋದೆ. ಠಾಣೆಯ ಸಾಹೇಬರು ನನಗೆ ಚಹಾ ತರಿಸಿ, "ಮ್ಯಾಡಮ್, ಅವನು ಬರೀ ಪ್ರಶ್ನೆ ಕೇಳಿದ್ದಾನೆ. ಪ್ರಶ್ನೆ ಕೇಳುವುದು ಗುನ್ಹಾ ಅಲ್ಲ" ಎಂದರು. ಚಹಾ ಮುಟ್ಟದೆ ಎದ್ದು ಬಂದೆ. ಆಸ್ಪತ್ರೆಯಲ್ಲಿ ಅಣ್ಣ ಇದನ್ನೆಲ್ಲ ಕೇಳಿಸಿಕೊಂಡು, "ಕೈ ಚಟ್ನಿಯವಂದು ತಂಗಿ, ಬಾಯಿ ಬೇರೆಯವಂದು. ನನಗೆ ಆ ಬಾಯಿ ಬೇಕು. ಎಂತ ಬಟ್ಟೆ ಅಂತ ಅವನಿಗೆ ಗೊತ್ತುಂಟಲ್ಲ, ಅದನ್ನು ಅವನೇ ಹೇಳ್ಬೇಕು" ಎಂದರು. ನಾಸಿಕ್ ರೋಡ್ ಬಡಾವಣೆಯಿಂದ ನಮ್ಮ ಕನ್ನಡದ ಹಿರಿಯರು ಬಂದರು, ಕಿತ್ತಳೆ ಹಣ್ಣು ತಂದರು. "ಇದನ್ನ ಬೆಳಸಬ್ಯಾಡ್ರಿ. ನಾವು ಇಲ್ಲೇ ಬಾಳುವೆ ಮಾಡಬೇಕಲ್ರಿ" ಎಂದು ಬುದ್ಧಿ ಹೇಳಿದರು. ಅಣ್ಣ ನಕ್ಕರು. "ನಾನೂ ಇಲ್ಲೇ ಬಾಳುವೆ ಮಾಡುದಲ್ವಾ? ಅದಕ್ಕೇ ಬಿಡುದಿಲ್ಲ."

ಸಾತಪುರದ ಹೋಟೆಲು ಮತ್ತೆ ತೆರೆಯಲಿಲ್ಲ. ಸಂಭಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಅಕ್ಕನ ತಮ್ಮನ ಹೋಟೆಲಿತ್ತು. ಅಣ್ಣ ಅಲ್ಲಿ ಗಲ್ಲಾದ ಮೇಲೆ ಕೂತರು. ಅಲ್ಲಿಯೂ ಟಿವಿಯ ದನಿ ಬಂದ್ ಮಾಡಿಸಿದರು. ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. ಊಟ ಆಯಿತಾ ಎನ್ನುವ ಮೊದಲೇ, "ಹೇಳಿದ್ನಾ ಅವ?" ಎಂದು ಕೇಳುತ್ತಿದ್ದರು.

ಬ್ಯಾಂಕಿನ ಮೀಟಿಂಗಿಗೆಂದು ನಾನು ಸಂಭಾಜಿನಗರಕ್ಕೆ ಹೋದ ದಿನ ಮಧ್ಯಾಹ್ನ ಅಣ್ಣನ ಹತ್ತಿರ ಊಟಕ್ಕೆ ಕೂತಿದ್ದೆ. ಚುನಾವಣೆಯ ಗದ್ದಲ. ಜನರ ಅಭಿಪ್ರಾಯ ಕೇಳುತ್ತ ತಿರುಗುತ್ತಿದ್ದ ಪ್ರಶ್ನೆಯವ ಅದೇ ಕ್ಯಾಮೆರಾದವನ ಜೊತೆ ಒಳಗೆ ಬಂದು ಮಸಾಲೆ ದೋಸೆ ಹೇಳಿದ. ಗಲ್ಲಾದ ಮೇಲಿದ್ದವರ ಗುರುತೂ ಅವನಿಗೆ ಸಿಗಲಿಲ್ಲ. ಬಿಸಿ ಸಾಂಬಾರಿನ ಬಕೆಟ್ಟು ನನ್ನ ಕೈಗೆಟುಕುವ ಹಾಗೆ ಇತ್ತು. ನಾನು ಎದ್ದದ್ದನ್ನು ನೋಡಿ ಅಣ್ಣ, "ಕೂತ್ಕೋ ತಂಗಿ. ಸಾಂಬಾರು ತಿನ್ಲಿಕ್ಕೆ ಇರುದು" ಎಂದರು. ಕೂತೆ. ಇವತ್ತಿಗೂ ಆ ಬಕೆಟ್ಟು ನೆನಪಾದರೆ ಕೈ ತುರಿಸುತ್ತದೆ.

ಅಣ್ಣ ಒಳಗೆ ಹೋಗಿ ಗ್ರೈಂಡರಿನ ಮೇಲಿದ್ದ ಅದೇ ಹಳದಿ-ಕೆಂಪು ಹೊದಿಕೆಯನ್ನು ಎಡಗೈಯಲ್ಲಿ ತಂದು ಅವನ ದೋಸೆಯ ಪಕ್ಕದಲ್ಲಿ ಹರವಿದರು. ಮರಾಠಿಯಲ್ಲಿ, ಮೆಲ್ಲಗೆ ಕೇಳಿದರು: "ಸಾಹೇಬ್, ಹೇ ಕಾಯ್? ಅವತ್ತು ನೀವು ಕೇಳಿದಿರಿ, ನಾನು ಹೇಳಿದೆ. ನನ್ನ ಕೈಯಿಂದ ಅವಲಕ್ಕಿ ತಿಂದಿರಿ. ಇವತ್ತು ನೀವೇ ಹೇಳಿ."

ಅವನ ಕಣ್ಣು ಬಟ್ಟೆಯಿಂದ ಅಣ್ಣನ ಸೊಟ್ಟ ಕೈಗೆ ಹೋಯಿತು. ಸುತ್ತಲಿನ ಮೇಜಿನವರು ತಿನ್ನುವುದು ಬಿಟ್ಟು ತಿರುಗಿದರು, ಒಬ್ಬಿಬ್ಬರು ಮೊಬೈಲು ಎತ್ತಿದರು. "ಕಾಕಾ, ಆದದ್ದು ಆಯಿತು, ಮರೆತುಬಿಡಿ. ಇಷ್ಟು ಸಿಟ್ಟು ಯಾಕೆ?" ಎಂದ.

"ಸಿಟ್ಟೆಲ್ಲಿ ಸಾಹೇಬ್? ಬರೀ ಪ್ರಶ್ನೆ ಕೇಳಿದೆ."

ದೋಸೆ ಬಿಟ್ಟು ಎದ್ದು ಹೋದ. ಅವನ ಹಿಂದೆ ಹೊರಟ ಕ್ಯಾಮೆರಾದವನು ಬಾಗಿಲಲ್ಲಿ ನಿಂತು, ನೆಲ ನೋಡುತ್ತ, "ಗ್ರೈಂಡರಿನ ಹೊದಿಕೆ" ಎಂದ. "ಹೇಳಬೇಕಾದವನು ನೀನಲ್ಲ" ಎಂದು ಅಣ್ಣ ಬಟ್ಟೆ ಮಡಚಿದರು. ಅಂದು ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮರೆತಿಲ್ಲ. ಅದನ್ನು ಯಾರೂ ಶಾಂತಿ ಎಂದು ತಿಳಿಯಬಾರದು. ಅದು ಅರ್ಧ ಹೊಟ್ಟೆ ತುಂಬಿದವನ ಮುಖ.

ಉಳಿದರ್ಧ ತುಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ಗಲ್ಲಾದ ಮೇಲೆ ಕೂತವರು ಹಾಗೇ ಒರಗಿದರು, ಹೃದಯ ನಿಂತಿತ್ತು. ಹದಿಮೂರರ ಊಟಕ್ಕೆ ಹೋದಾಗ ಅಕ್ಕ ಆ ಹೊದಿಕೆಯನ್ನು ನನ್ನ ಕೈಗಿಟ್ಟರು. ಎಷ್ಟು ಒಗೆದರೂ ಅದರಿಂದ ಹುಳಿ ಹಿಟ್ಟಿನ ವಾಸನೆ ಹೋಗಿಲ್ಲ. "ಅವ್ರು ಯಾರನ್ನೂ ಕ್ಷಮಿಸ್ಲಿಲ್ಲ" ಎಂದರು ಅಕ್ಕ. ದುಃಖದಲ್ಲಿ ಹೇಳಿದ್ದಲ್ಲ, ಗಂಡನ ಗುಣ ಹೇಳುವಾಗಿನ ಹೆಮ್ಮೆಯಿಂದ ಹೇಳಿದ್ದು. ಕೆಟ್ಟದ್ದು ಮಾಡಿದವರು ಮರೆತುಬಿಡಿ ಎಂದಾಗ ಮರೆಯದೆ ಇರುವುದಕ್ಕೂ ನನಗೆ ಹಕ್ಕಿದೆ ಎಂದು ತೋರಿಸಿಕೊಟ್ಟವರು ಅಣ್ಣ. ಆ ಋಣ ದೊಡ್ಡದು.

ಪ್ರಶ್ನೆಯವನ ಪ್ರತಿ ಕಾರ್ಯಕ್ರಮದ ಕೆಳಗೆ ನಾನು ಮರಾಠಿಯಲ್ಲಿ ಒಂದೇ ಸಾಲು ಬರೆಯುತ್ತೇನೆ: ಆ ಬಟ್ಟೆ ಯಾವುದರದ್ದು, ನೀವೇ ಹೇಳಿ. ಬ್ಲಾಕ್ ಮಾಡುತ್ತಾನೆ. ಬೇರೆ ಖಾತೆ ತೆರೆಯುತ್ತೇನೆ. ನಮ್ಮ ಬ್ಯಾಂಕಿನ ಮರಾಠಿ ಕ್ಯಾಶಿಯರಮ್ಮ, ಅಣ್ಣನ ಕೈಯ ದೋಸೆ ತಿಂದವರು, ಅವರೂ ಬರೆಯುತ್ತಾರೆ. ಹೋದ ತಿಂಗಳು ಅವನು ನೇರಪ್ರಸಾರದ ನಡುವೆ ತಡವರಿಸಿ, "ಯಾರೋ ದಿನಾ ಬಟ್ಟೆ ಬಟ್ಟೆ ಅಂತಾರೆ, ಏನು ಬೇಕು ಇವರಿಗೆ?" ಎಂದು ಕೂಗಿದ. ಅಂದು ನಾನು ರವೆಯ ಶಿರಾ ಮಾಡಿಕೊಂಡು ತಿಂದೆ. ಊರಿಗೆ ವರ್ಗ ಬಂದಿತ್ತು, ಬೇಡವೆಂದು ಹೇಳಿಬಿಟ್ಟಿದ್ದೇನೆ. ಅವ್ವನಿಗೆ ಸಿಟ್ಟು.

ಖಂಡೇನವಮಿಗೆ ಆ ಹೊದಿಕೆಯನ್ನು ನನ್ನ ಮಿಕ್ಸರಿಗೆ ಹೊದಿಸಿ, ಮರುದಿನ ಒಗೆದು, ರಸ್ತೆಗೆ ಕಾಣುವ ಹಾಗೆ ಮನೆಯ ಬಾಲ್ಕನಿಯಲ್ಲಿ ಹರವುತ್ತೇನೆ. ಭಾನುವಾರ ಅಣ್ಣನ ಫೋನು ಬರುತ್ತಿದ್ದ ಹೊತ್ತಿಗೆ ಈಗಲೂ ಅಡುಗೆಮನೆಯಲ್ಲಿ ನಿಂತು ಜೋರಾಗಿಯೇ ಹೇಳುತ್ತೇನೆ: "ಇನ್ನೂ ಹೇಳಿಲ್ರಿ ಅಣ್ಣಾರ. ನಾನೂ ಬಿಟ್ಟಿಲ್ರಿ."