ನರಳಿದರೆ ಕೇಳಿಸುವ ಮನೆ

ವನದುರ್ಗದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗೌಂಡಿ ಹುಲಗಪ್ಪ ಹೊಸ ಮನೆಯ ಎರಡು ಕೋಣೆಗಳಲ್ಲಿ ಇಬ್ಬರು ಹೆಂಗಸರನ್ನು ಮಲಗಿಸಿ, ಅಂಗಳದಲ್ಲಿ ನಿಂತಿದ್ದಾನೆ.

"ಮದೀನಾಬೀ, ಜ್ವರ ಬಂದವರಂಗ ನರಳ್ರಿ. ಜೋರಾಗಿ ಬ್ಯಾಡ."

"ಜ್ವರಾ ಬರೂಕಿಂತ ಮೊದಲ ನರಳಬೇಕೇನೋ ನಿನ ಸಲುವಾಗಿ?"

ಆಚೆ ಕೋಣೆಯಿಂದ ಭೀಮಾಬಾಯಿ ಅನ್ನುತ್ತಾಳೆ: "ಈಕಿ ಬಾಯಿ ಶಹಾಪುರಕ್ಕ ಕೇಳಸ್ತದ. ಇನ್ನ ನನಗ ಕೇಳಂಗಿಲ್ಲೇನು?"

ಹುಲಗಪ್ಪ ನಗುವುದಿಲ್ಲ. ಒಳಗೆ ಬಂದು, ಮಲಗಿದವರ ತಲೆಯ ಮಟ್ಟಕ್ಕೆ ನಡುಗೋಡೆಯಲ್ಲಿ ಗೇಣಗಲದ ಕಿಂಡಿ ಕೊರೆಯುತ್ತಾನೆ.

ನಿಜಾಮರ ಆಳ್ವಿಕೆ ಮುಗಿದ ಗದ್ದಲದಲ್ಲಿ ಈ ಇಬ್ಬರೂ ಗಂಡಂದಿರನ್ನು ಕಳೆದುಕೊಂಡರು. ಈಗ ಒಂದೇ ಸೂರಿನ ಕೆಳಗೆ ಇರಬೇಕೆಂದಿದ್ದಾರೆ. ಒಲೆ ಎರಡು, ಅಂಗಳ ಒಂದು. ಒಂಟಿಯಾದ ಅತ್ತೆ-ಸೊಸೆಯರಿಗೆ, ಮದುವೆಯಾಗದ ಅಕ್ಕತಂಗಿಯರಿಗೆ ಇಂಥವೇ ಏಳು ಮನೆಗಳನ್ನು ಹುಲಗಪ್ಪ ಮೂರು ವರ್ಷದಲ್ಲಿ ಕಟ್ಟಿದ್ದಾನೆ. ಎಲ್ಲ ಕಡೆಯೂ ಮೊದಲು ಮಲಗಿಸಿ, ನರಳಿಸಿ, ಆಮೇಲೆ ಕಿಂಡಿ.

ಈ ಏಳಕ್ಕೂ ಮೊದಲು ಕಟ್ಟಿದ ಮನೆಗೆ ಮಾತ್ರ ಕಿಂಡಿ ಇರಲಿಲ್ಲ. ಅದು ಇದೇ ಊರಿನ ಸವತಿಯರದು. ಗಂಡ ತೀರಿದ ಮೇಲೆ ಶೇಖಮ್ಮ, ಹಣಮಮ್ಮ ಇಬ್ಬರೂ ನಡುವೆ ಗೋಡೆ ಬೇಕೆಂದರು. ಹುಲಗಪ್ಪ ಕಿಂಡಿ ಕೊರೆಯುತ್ತಲೇ ಹೇಳುತ್ತಾನೆ:

"ಗಾಳಿನೂ ದಾಟಬಾರದು ಅಂದ್ರು. ದಾಟದಂಗ ಕಟ್ಟಿದೆ. ಎರಡು ಮೊಳ ದಪ್ಪ. ಬಾಗಿಲಾ ಒಂದು ಮೂಡಕ್ಕ, ಒಂದು ಪಡುವಕ್ಕ. ಊರಾಗೆಲ್ಲಾ ಹೇಳ್ಕೋಂತ ತಿರಗ್ಯಾಡಿದೆ."

ಆ ಶ್ರಾವಣದಲ್ಲಿ ಹಣಮಮ್ಮ ಏಣಿಯಿಂದ ಬಿದ್ದಳು. ಮೂರನೆಯ ದಿನ ಬಾಗಿಲು ಮುರಿದಾಗ ಉಸಿರಿರಲಿಲ್ಲ. ನಡುಗೋಡೆಯ ಮಣ್ಣನ್ನು ಗೇಣೆತ್ತರದವರೆಗೂ ಉಗುರಿನಿಂದ ಕೆರೆದಿದ್ದಳು. ಆಕೆ ಸತ್ತದ್ದು ಬಿದ್ದ ದಿನವಲ್ಲ. ಅವಳ ಕೂಗು ದೇವರಿಗೆ ಕೇಳಿಸಿರಬೇಕು. ಗೋಡೆಯ ಆಚೆ ಜೋಳ ಬೀಸುತ್ತಿದ್ದ ಶೇಖಮ್ಮನಿಗೆ ಕೇಳಿಸಲಿಲ್ಲ.

ಶೇಖಮ್ಮ ಅಂದು ಅಳಲಿಲ್ಲ. "ಗೋಡಿ ಗಟ್ಟಿ ಕಟ್ಟೀಯಪ್ಪಾ" ಎಂದಳು, ಅಷ್ಟೆ. ಇಂದಿಗೂ ಅಲ್ಲೇ ಒಬ್ಬಳೇ ಇದ್ದಾಳೆ.

ಮದೀನಾಬೀ, ಭೀಮಾಬಾಯಿಯರ ಈ ಹೊಸ ಮನೆಯಲ್ಲಿ ಈಗ ಶೇಖಮ್ಮನಿಗೆಂದು ಮೂರನೆಯ ಒಲೆಯೊಂದು ಎದ್ದಿದೆ. ಯಾರೂ ಹೇಳಿ ಕಟ್ಟಿಸಿದ್ದಲ್ಲ, ಹುಲಗಪ್ಪ ತಾನಾಗಿ ಕಟ್ಟಿದ್ದು. ಆಕೆಯನ್ನು ಕರೆಯಲು ಮೂರು ಸಲ ಹೋದ. ಶೇಖಮ್ಮ ಬಾಗಿಲು ತೆರೆಯಲಿಲ್ಲ.

"ಗಂಡಸು ಹೋಗಿ ಕರದ್ರ ಯಾವಾಕಿ ಬರ್ತಾಳೋ?" ಎನ್ನುತ್ತ ಭೀಮಾಬಾಯಿ ಎದ್ದು ಸೆರಗು ಕೊಡವುತ್ತಾಳೆ. "ನಾವಿಬ್ಬರೂ ಹೋಗ್ತೀವಿ."

ನೋಡುತ್ತ ನಿಂತ ಹುಲಗಪ್ಪ, ಅವರು ಓಣಿ ತಿರುಗುವ ಮುನ್ನ ಕೂಗಿ ಹೇಳುತ್ತಾನೆ:

"ಆಕಿ ನನ್ನ ಮಾಫ್ ಮಾಡೂದು ಬ್ಯಾಡ್ರಿ. ಇಲ್ಲಿಗೆ ಬಂದ್ರ ಸಾಕು. ಬಂದ ದಿನಾನೇ ಹೋಗಿ ಆ ಗೋಡಿ ಕೆಡವ್ತೀನಿ. ಅದನ್ನ ಬ್ಯಾರೆಯವರು ಕೆಡವಬಾರದ್ರಿ."