ಪಾರವ್ವನ ಜೀರಗಿ ವಿಮಾನ ಹತ್ತಿದ್ದು

ಕುಲಗೋಡದಲ್ಲಿ ಪಾರವ್ವನಿಗೆ ‘ಬ್ಯಾಡ’ ಎಂದು ಹೇಳುವವರು ಕಡಿಮೆ. ಹೇಳಿ ನೋಡಿದವರಿಗೆ ಅದರ ಫಲ ಗೊತ್ತಿತ್ತು. ಗಂಡ ವೀರಪ್ಪ ಬೆನ್ನುನೋವಿನಿಂದ ಹಾಸಿಗೆ ಹಿಡಿದ ವರ್ಷ ಕಬ್ಬಿನ ಟ್ರ್ಯಾಕ್ಟರಿಗೆ ಡ್ರೈವರ್ ಸಿಗಲಿಲ್ಲ. ಪಾರವ್ವ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ತಾನೇ ಸ್ಟೇರಿಂಗ್ ಹಿಡಿದಳು. ಫ್ಯಾಕ್ಟರಿ ಗೇಟಿನ ಸರತಿಯಲ್ಲಿ ಹಿಂದಿನವರು ಹಾರ್ನ್ ಹೊಡೆದು, “ಬಾಜೂ ಸರೀರಿ ಅಕ್ಕಾರ, ಇದ ರೊಟ್ಟಿ ಬಡಿಯೂ ಕೆಲಸಲ್ಲ” ಎಂದು ನಕ್ಕರು. ಆಕೆ ಸರಿಯಲಿಲ್ಲ. ವೀರಪ್ಪ ತೀರಿಕೊಂಡ ಮೇಲೂ ಸ್ಟೇರಿಂಗ್ ಬಿಡಲಿಲ್ಲ.

ಅಂಥದೇ ಒಂದು ಹಂಗಾಮಿನಲ್ಲಿ ಟ್ರಾಲಿಯ ಕಬ್ಬು ಇಳಿಸುವಾಗ, ತಳದ ರವದಿಯ ಒಣ ಎಲೆಗಳೊಳಗೆ ನಾಯಿಮರಿಯೊಂದು ಸಿಕ್ಕಿತು. ಕಂದು ಬಣ್ಣ, ಕಡ್ಡಿಯಂಥ ಕಾಲು. “ಜೀರಗಿ ಕಾಳಿನಷ್ಟ ಐತೆಲ್ಲ!” ಎಂದು ಪಾರವ್ವ ಸೆರಗಿನಲ್ಲಿ ಸುತ್ತಿಕೊಂಡಳು. ಅದಕ್ಕೆ ಅದೇ ಹೆಸರಾಯಿತು. ವರ್ಷ ಕಳೆದರೂ ಅದು ಬೆಕ್ಕಿಗಿಂತ ತುಸುವೇ ದೊಡ್ಡದಾಯಿತು. ವೀರಪ್ಪನೇ ನಾಯಿಯಾಗಿ ಬಂದಿದ್ದಾನೆ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. “ನಮ್ಮನಿಯವ್ರು ಇಷ್ಟ ಮಾತ ಕೇಳಿದ್ರ ನಾ ಅವರ್ನ ಯಾಕ ಬೈತಿದ್ನಿ?” ಎಂದು ಪಾರವ್ವ ಅವರ ಬಾಯಿ ಮುಚ್ಚಿಸಿದಳು.

ಮಗಳು ನಂದಾ ದಿಲ್ಲಿಯಲ್ಲಿದ್ದಳು. ಅಳಿಯ ಲಕ್ಷ್ಮಣ ಮಿಲಿಟರಿಯವನು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರಬೇಕಿತ್ತು. ಆದರೆ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದುಬಿಟ್ಟರು. ಹಾಗಾಗಿ ತವರೇ ದಿಲ್ಲಿಗೆ ಹೋಗಬೇಕಾಯಿತು.

“ನಾಯಿನ ನಮ್ಮ ಹಿತ್ತಲದಾಗ ಕಟ್ಟಿ ಹೋಗ್ರಿ, ವೈನಿ” ಅಂದ ಮೈದುನ ಸಾತಪ್ಪ.

ಪಾರವ್ವ ಹಿಂದೊಮ್ಮೆ ಹಾಗೆ ಕಟ್ಟಿ, ಮದುವೆಗೆಂದು ಮಸಗುಪ್ಪಿಗೆ ಹೋಗಿದ್ದಳು. ಬರುವಷ್ಟರಲ್ಲಿ ಹಗ್ಗ ಕಡಿದುಕೊಂಡ ಜೀರಗಿ ಬಸ್ ನಿಲ್ದಾಣದ ಕಟ್ಟೆಯ ಕೆಳಗೆ ಉಪವಾಸ ಕೂತಿತ್ತು. ಬೆನ್ನ ಮೇಲೆ ಕಲ್ಲೇಟು ಬಿದ್ದಿತ್ತು.

“ಅದೂ ಬರತೈತಿ ನನ್ನ ಜೋಡಿ.”

“ವಿಮಾನದಾಗ? ಮಂದಿ ನಗತಾರ್ರಿ!”

“ನಗಲಿ. ನಗೂದಕ್ಕ ಟಿಕೇಟ ಇಲ್ಲ.”

ಹುಕ್ಕೇರಿಯಲ್ಲಿ ಸಾಲಿ ಮಕ್ಕಳ ಪಾಟಿಚೀಲ ಹೊಲಿಯುವ ರಾಧಿಕಾ ಪಾರವ್ವನ ತಂಗಿಯ ಮಗಳು. ಮೊಬೈಲಿನಲ್ಲಿ ಹುಡುಕಿ, ಸಣ್ಣ ನಾಯಿಯನ್ನು ಚೀಲದಲ್ಲಿಟ್ಟು ಕಾಲಬಳಿ ಒಯ್ಯಲು ಬಿಡುವ ವಿಮಾನ ಪುಣೆಯಿಂದ ಇದೆಯೆಂದು ಅವಳೇ ಕಂಡುಹಿಡಿದಳು. ಗಾಳಿಯಾಡುವ ಜಾಳಿಗೆ ಬಟ್ಟೆ ಹಚ್ಚಿ ಮೆತ್ತನೆಯ ಚೀಲವನ್ನೂ ಹೊಲಿದುಕೊಟ್ಟಳು. ಸಂತೆಯ ಉಳ್ಳಾಗಡ್ಡಿ ವ್ಯಾಪಾರಿಯ ತಕ್ಕಡಿಯಲ್ಲಿ ಜೀರಗಿಯನ್ನು ಚೀಲದ ಸಮೇತ ತೂಗಿದರೆ ವಿಮಾನದವರು ಬಿಡುವುದಕ್ಕಿಂತ ತೂಕ ಹೆಚ್ಚು ಬಂತು. ಅಂದಿನಿಂದ ಜೀರಗಿಗೆ ಅರ್ಧ ರೊಟ್ಟಿ. ಅದು ಖಾಲಿ ತಾಟು ನೆಕ್ಕಿ ಮುಖ ನೋಡಿದಾಗ ಪಾರವ್ವನಿಗೂ ತುತ್ತು ಇಳಿಯುತ್ತಿರಲಿಲ್ಲ.

ಚೀಲದಲ್ಲಿ ಸುಮ್ಮನೆ ಕೂಡುವುದನ್ನೂ ಅದು ಕಲಿಯಬೇಕಿತ್ತಲ್ಲ. ಪಾರವ್ವ ಅದನ್ನು ಗೋಕಾಕದ ಬಸ್ಸಿನಲ್ಲಿ ಸುಮ್ಮಸುಮ್ಮನೆ ತಿರುಗಾಡಿಸತೊಡಗಿದಳು. ಕಂಡಕ್ಟರ್ ಯಲ್ಲಾಲಿಂಗ ಒಂದು ದಿನ ತಡೆದ.

“ಚೀಲದಾಗ ಏನೈತಿ, ದೊಡ್ಡವ್ವಾ?”

“ಜೀರಗಿ.”

“ಜೀರಗಿ ಉಸಿರಾಡಾಕತ್ತೈತೆಲ್ಲ!”

ಇಡೀ ಬಸ್ಸು ನಕ್ಕಿತು. ಪಾರವ್ವ ನಗಲಿಲ್ಲ. “ಲಗೇಜ ಟಿಕೇಟ ಹರಿ, ತಮ್ಮಾ” ಅಂದಳು.

ಮೂಡಲಗಿಯ ದನದ ಡಾಕ್ಟರು ಸೂಜಿ ಚುಚ್ಚಿ, ನಾಯಿ ಗಟ್ಟಿಮುಟ್ಟಾಗಿದೆ ಎಂದು ಬರೆದುಕೊಟ್ಟರು. ಪಾರವ್ವ ಗೋಕಾಕದಲ್ಲಿ ಪುಣೆಯ ಬಸ್ಸು ಹತ್ತಿದಳು.

ವಿಮಾನ ನಿಲ್ದಾಣದಲ್ಲಿ ತೂಗಿದರು, ನೋಡಿದರು, ಬಿಟ್ಟರು. ತಕರಾರು ಶುರುವಾದದ್ದು ವಿಮಾನದೊಳಗೆ. ಕಡೆಯ ಸಾಲಿನ ಕಿಟಕಿ ಪಕ್ಕ ಕೂತು ಚೀಲವನ್ನು ಕಾಲ ನಡುವೆ ಇಟ್ಟುಕೊಂಡಿದ್ದಳು. ಬಾಜೂ ಸೀಟಿಗೆ ಬಂದ ಕೋಟಿನ ಮನುಷ್ಯ ಜಾಳಿಗೆಯೊಳಗಿಂದ ಎರಡು ಕಣ್ಣು ಕಂಡು ಎದ್ದು ನಿಂತ.

“ನಾಯಿ! ಅದೂ ಬೀದಿ ನಾಯಿ! ಇಳಿಸಿರಿ ಇದನ್ನ” ಎಂದು ಮರಾಠಿಯಲ್ಲಿ ಕೂಗಿದ.

ಗಗನಸಖಿ ಓಡಿ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸಪ್ನಾ ಎಂದಿತ್ತು. ಸಣ್ಣ ವಯಸ್ಸು, ಗಾಬರಿ ಬೇರೆ. ಆ ಸಾಹೇಬರಿಗೆ ಅಷ್ಟು ತೊಂದರೆಯಾದರೆ ಚೀಲವನ್ನು ಕೆಳಗೆ, ಸಾಮಾನು ಇಡುವಲ್ಲಿ ಇಡೋಣವೇ ಎಂದು ಮೆಲ್ಲಗೆ ಕೇಳಿದಳು.

ಪಾರವ್ವನಿಗೆ ಮರಾಠಿ ಬರುತ್ತಿತ್ತು. ಆದರೆ ಸಿಟ್ಟಿನಲ್ಲಿ ಕುಲಗೋಡದ ಮಾತೇ ಬಾಯಿಗೆ ಬಂತು. “ಅದನ್ನ ಕೆಳಗ ಹಾಕೂದಾದ್ರ ನನ್ನೂ ಅಲ್ಲೇ ಹಾಕವಾ. ಅದರ ರೊಕ್ಕಾನೂ ತುಂಬೇನಿ, ನನ್ನ ರೊಕ್ಕಾನೂ ತುಂಬೇನಿ. ಕದ್ದು ಹತ್ತಿಲ್ಲ.”

ಮಾತು ಪೂರ್ತಿ ತಿಳಿಯದಿದ್ದರೂ ಅರ್ಥ ಎಲ್ಲರಿಗೂ ತಿಳಿಯಿತು.

ಹೊತ್ತು ಹೋಯಿತು. ವಿಮಾನ ಕದಲಲಿಲ್ಲ. ಮೊದಲು ಕೋಟಿನವನ ಮೇಲೆ ಸಿಟ್ಟಾಗಿದ್ದವರೂ ಈಗ ಪಾರವ್ವನ ಕಡೆ ತಿರುಗಿದರು. ಒಬ್ಬಳು, “ಮಾವಶಿ, ಒಂದು ನಾಯಿಗಾಗಿ ಇಷ್ಟು ಜನರಿಗೆ ತಡ ಮಾಡ್ತೀರಾ?” ಅಂದಳು. ಕೈ ಮುಗಿದು ಕೇಳಿದಳು, ಅದು ಬೈಗುಳಕ್ಕಿಂತ ಚುಚ್ಚಿತು. ಪಾರವ್ವ ವಿಮಾನ ಹತ್ತಿದ್ದೇ ಮೊದಲ ಸಲ. ಇಳಿಸಿಬಿಟ್ಟರೆ ನಂದಾನ ಹತ್ತಿರ ಹೋಗುವುದು ಹೇಗೆ? ಒಂದು ಗಳಿಗೆ ಚೀಲದ ಹಿಡಿಕೆಗೆ ಕೈ ಹೋಯಿತು. ಒಳಗೆ ಜೀರಗಿ ಉಸಿರು ಬಿಗಿಹಿಡಿದು ಕೂತಿತ್ತು. ಕಲಿಸಿದಂತೆ, ಒಂದು ಸೊಲ್ಲೂ ಇಲ್ಲ. ಪಾರವ್ವ ಕೈ ಹಿಂದಕ್ಕೆ ತಂದು ಸೀಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡಳು.

“ನಾ ತಡಾ ಮಾಡಿಲ್ಲವಾ. ನಾ ಕುಂತೇನಿ. ನಿಂತಾವ್ರನ್ನ ಕೇಳ” ಅಂದಳು, ಈ ಸಲ ಮರಾಠಿಯಲ್ಲೇ.

ಸಪ್ನಾ ಮುಂದೆ ಹೋಗಿ ಹಿರಿಯ ಸಿಬ್ಬಂದಿಯೊಬ್ಬರನ್ನು ಕರೆತಂದಳು. ಅವರು ಕೋಟಿನವನಿಗೆ ಮುಂದೊಂದು ಖಾಲಿ ಸೀಟು ತೋರಿಸಿದರು. ಬೇಡವಾದರೆ ಇಳಿಯಬಹುದು ಎಂದರು. ಆತ ಗೊಣಗುತ್ತ ಹೋದ. ಹೋಗುವಾಗ ಪಾರವ್ವನ ಕಡೆ ನೋಡಿದ ನೋಟದಲ್ಲಿ ಸಿಟ್ಟು ಹಾಗೇ ಇತ್ತು. ಆಕೆಯೂ ಕಣ್ಣು ತಗ್ಗಿಸಲಿಲ್ಲ.

ವಿಮಾನ ನೆಲ ಬಿಟ್ಟಾಗ ಮಾತ್ರ ಪಾರವ್ವನ ಧೈರ್ಯ ಹಾರಿತು. ಕಿವಿ ಗುಂಯ್ ಎಂದವು. ಚೀಲ ಕಾಲಿಗೆ ತಾಗಿ ನಡುಗುತ್ತಿತ್ತು. ಬಗ್ಗಿ ಜಿಪ್ಪನ್ನು ಎರಡು ಬೆರಳಿನಷ್ಟು ಸರಿಸಿದಳು. ತೆರೆಯಬಾರದೆಂದು ಮೊದಲೇ ಹೇಳಿದ್ದರು. ಬೆರಳಿಗೆ ಒದ್ದೆ ಮೂಗು ತಾಗಿತು. ಸಪ್ನಾ ಅದನ್ನು ನೋಡಿದಳು, ನೋಡದವಳಂತೆ ನೀರಿನ ಲೋಟ ಕೊಟ್ಟು ಮುಂದೆ ಹೋದಳು. ದಿಲ್ಲಿಯವರೆಗೂ ಆ ಬೆರಳು ಅಲ್ಲೇ ಇತ್ತು.

ಹೊರಗೆ ಕಾದಿದ್ದ ಲಕ್ಷ್ಮಣ ಚೀಲ ನೋಡಿ ತಲೆ ಕೆರೆದುಕೊಂಡ. “ಅತ್ತಿ, ಖರೇನ ತಂದ್ರಿ? ಕ್ವಾರ್ಟರ್ಸಿನಾಗ ಮಂದಿ ಏನರೆ ಅಂತಾರ.”

“ಅಂದ್ರ ನನ್ನ ಕಡೆ ಕಳಸ್ರಿ.”

ಅಂದವರು ಬಂದರು. ಪಾರವ್ವನ ಜೊತೆ ಮಾತಾಡಿ ಹೋದವರು ಮತ್ತೆ ಬರಲಿಲ್ಲ. ನಂದಾನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಬೆಳೆದು ನೋಟ ನಿಲ್ಲಿಸುವ ಹೊತ್ತಿಗೆ, ಜೀರಗಿಯ ಬಾಲ ಅಲ್ಲಾಡಿದರೆ ಸಾಕು, ಬೊಚ್ಚು ಬಾಯಿ ತೆರೆದು ನಗುತ್ತಿತ್ತು.

ಪಾರವ್ವ ಊರಿಗೆ ಹೊರಟು ನಿಂತ ದಿನ ನಂದಾ ರಾಗ ತೆಗೆದಳು. “ಅವ್ವಾ, ಜೀರಗಿನ ಇಲ್ಲೇ ಬಿಟ್ಟು ಹೋಗಬೇ. ಕೂಸು ಹೊಂದೇತಿ ಅದಕ್ಕ. ಅಳತೈತಿ.”

ಪಾರವ್ವ ಮೊಮ್ಮಗಳ ಗಲ್ಲ ಹಿಂಡಿ ಮುದ್ದಾಡಿದಳು. ಕಣ್ಣು ತುಂಬಿ ಬಂದವು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಚೀಲದ ಬಾಯಿ ತೆರೆದಳು. ಜೀರಗಿ ತಾನಾಗಿಯೇ ಹೊಕ್ಕು ಕೂತಿತು.

“ಕೂಸ ನಿಂದು, ನಾಯಿ ನಂದು” ಅಂದಳು. “ಕೂಸ ಅತ್ರ ಕುಲಗೋಡಕ್ಕ ಕರಕೊಂಡ ಬಾ.”