ಮೊಲಕ್ಕಾಗಿ ಬೆಂಕಿ ಆರಿಸಿದವನು

ನಮ್ಮ ಬೆಟ್ಟದಲ್ಲಿ ಹಸುವಿಲ್ಲದ ದನಗಾಹಿ ಅಂತ ಇರುವವನು ಸೆಬಾಹಿಜಿ ಒಬ್ಬನೇ. ಮೀಸೆ ಮೂಡುವ ಮುಂಚಿನಿಂದ ತಲೆ ನರೆಯುವ ತನಕ ಊರ ದೊಡ್ಡ ಯಜಮಾನರೊಬ್ಬರ ಉದ್ದ ಕೊಂಬಿನ ಹಸುಗಳನ್ನು ಕಾಯ್ದ. ಯಜಮಾನರು ತೀರಿಕೊಂಡರು, ಮಕ್ಕಳು ದನ ಮಾರಿದರು. ಈಗ ನಮ್ಮ ನ್ಯಾಂಜಾ ಊರಿನ ಸುತ್ತ ಎಲ್ಲರೂ ಒಂದೊಂದು ಸೀಮೆಹಸು ಕಟ್ಟಿ, ನಿಂತಲ್ಲೇ ಹುಲ್ಲು ಹಾಕುತ್ತಾರೆ. ಮೇಯಿಸುವವನು ಯಾರಿಗೆ ಬೇಕು? ಆದರೆ ಬಾಯಿ ಒಂದು ಉಳಿದಿತ್ತಲ್ಲ, ಅದರಲ್ಲೇ ಬದುಕಿದ. ಮದುವೆಯಲ್ಲಿ ಗಂಡಿನವರು ಹೆಣ್ಣಿನ ಮನೆಗೆ ಹಸು ಕೊಡುವಾಗ ಆ ಹಸುಗಳ ಹೆಸರು ಹಿಡಿದು ಹೊಗಳಲು ಒಬ್ಬ ದನಗಾಹಿ ಬೇಕು. ಸೆಬಾಹಿಜಿ ಕೋಲೆತ್ತಿ ನಿಂತು ಶುರು ಮಾಡಿದನೆಂದರೆ ಮದುಮಗಳನ್ನು ನೋಡುತ್ತಿದ್ದವರೂ ಹಸುವಿನ ಕಡೆ ತಿರುಗುತ್ತಿದ್ದರು.

ನಾನು ಮುಕಾಬುಟೆರಾ, ಅವನ ಪಕ್ಕದ ಮನೆಯವಳು. ಮದುವೆಯ ಬಟ್ಟೆ ಹೊಲಿಯುವವಳು. ನಮ್ಮಿಬ್ಬರ ಅಂಗಳದ ನಡುವೆ ಬಾಳೆಯ ಒಂದು ಸಾಲು ಅಷ್ಟೇ ಅಡ್ಡ. ನನ್ನ ಗಂಡ ರಾಜಧಾನಿ ಕಿಗಾಲಿಯಲ್ಲಿ ಗಾರೆ ಕೆಲಸ ಮಾಡುತ್ತಾನೆ, ಬಂದಾಗ ಬರುತ್ತಾನೆ. ಹಾಗಾಗಿ ಜಗಳ ಆಡಬೇಕು ಅನ್ನಿಸಿದಾಗ ನನಗೆ ಕೈಗೆ ಸಿಗುತ್ತಿದ್ದವನು ಸೆಬಾಹಿಜಿಯೇ. ಜಗಳಕ್ಕೆ ಕಾರಣವೂ ಇತ್ತು. ಕಾರಣದ ಹೆಸರು ಹೊಗೆ.

ಬಡವರೊಬ್ಬರ ಮನೆಯ ಮದುವೆಯಲ್ಲಿ ಹೊಗಳಿದ್ದಕ್ಕೆ ಅವರು ಅವನಿಗೆ ಬುಟ್ಟಿಯಲ್ಲಿಟ್ಟು ಒಂದು ಮೊಲ ಕೊಟ್ಟು ಕಳಿಸಿದರು. ಕಂದು ಬಣ್ಣದ ಹೆಣ್ಣು ಮೊಲ. ನಮ್ಮಲ್ಲಿ ಮೊಲ ಸಾಕುವುದು ಚಡ್ಡಿ ಹಾಕುವ ಹುಡುಗರ ಕೆಲಸ. ದೊಡ್ಡವರಾದ ಮೇಲೆ ಅವರೂ ಮೊಲ ಬಿಟ್ಟು ಆಡು ಹಿಡಿಯುತ್ತಾರೆ. ಈ ಮನುಷ್ಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಸಂತೆಯ ನಡುವೆಯೇ ನಡೆದು ಬಂದ. ಇವತ್ತು ಸಾರಿಗೆ ಆಯಿತು ಬಿಡು ಎಂದು ಯಾರೋ ಅಂದರೆ ಸಿಟ್ಟಿನಿಂದ ಉಗುಳಿದನಂತೆ. ಅದಕ್ಕೆ ಬಿಹೊಗೊ ಎಂದು ಹೆಸರಿಟ್ಟ. ಅದು ಕಂದು ಹಸುವಿಗೆ ಇಡುವ ಹೆಸರು. ಬೆಳಿಗ್ಗೆ ಎದ್ದು ಗೆಣಸಿನ ಬಳ್ಳಿ ಹಾಕುತ್ತಾ, ಕೊಂಬೆತ್ತಿದರೆ ಮೋಡ ಸರಿಯುವವಳೇ, ನಡೆದರೆ ಬೆಟ್ಟ ದಾರಿ ಬಿಡುವವಳೇ ಎಂದು ಅದನ್ನು ಹೊಗಳುತ್ತಿದ್ದ. ಕೊಂಬು ಅಂದರೆ ಅದರ ಕಿವಿ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ನಕ್ಕು ನಕ್ಕು ಎಷ್ಟು ಸಲ ದಾರ ತಪ್ಪಿಸಿದ್ದೇನೋ.

ಹೊಗಳಿಕೆಯನ್ನಾದರೂ ಸಹಿಸಬಹುದಿತ್ತು, ಬೆಂಕಿಯನ್ನಲ್ಲ. ದನ ಇರುವ ಮನೆಯಲ್ಲಿ ಸಂಜೆ ಅಂಗಳದಲ್ಲಿ ಹೊಗೆಬೆಂಕಿ ಹಾಕುವುದು ನಮ್ಮ ಪದ್ಧತಿ. ಹಸಿ ಸೊಪ್ಪು, ಸಗಣಿ ಹಾಕಿ ಕಾವು ಉಳಿಸುತ್ತಾರೆ. ನೊಣ ಓಡುತ್ತದೆ, ಹಸುಗಳು ಹೊಗೆಗೆ ಮುಖ ಕೊಟ್ಟು ನಿಲ್ಲುತ್ತವೆ. ಆ ಬೆಂಕಿ ಆರಬಾರದು. ಆರಿತೆಂದರೆ ಕೊಟ್ಟಿಗೆ ಬರಿದಾಯಿತು ಎಂದೇ ಅರ್ಥ. ಸೆಬಾಹಿಜಿಯ ಅಪ್ಪನೂ ದನಗಾಹಿ. ಅಪ್ಪನ ಬೆಂಕಿಯನ್ನು ಇವನು ಹಸುವಿಲ್ಲದ ವರ್ಷಗಳಲ್ಲೂ ಬೂದಿ ಮುಚ್ಚಿ ಉಳಿಸಿಕೊಂಡು ಬಂದಿದ್ದ. ಮೊಲ ಬಂದ ಮೇಲೆ ಕೇಳಬೇಕೆ, ಬೆಂಕಿಯನ್ನು ಅಡುಗೆಮನೆಯೊಳಗೆ ಮೊಲದ ಪಕ್ಕಕ್ಕೇ ತಂದು ಜೋರು ಮಾಡಿದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಹೊಗೆಯೆಲ್ಲ ಬಾಳೆ ದಾಟಿ ನಾನು ತೂಗುಹಾಕಿದ ಬಿಳಿ ಬಟ್ಟೆಗೆ ಹತ್ತುತ್ತಿತ್ತು. ಬಟ್ಟೆಗೆ ಹೊಗೆ ತಾಗಬಾರದು ಎಂದೇ ನಾನು ಸೌದೆ ಬಿಟ್ಟು ಗ್ಯಾಸಿನ ಒಲೆ ತಂದುಕೊಂಡವಳು. ನನ್ನ ಮನೆಯ ಹೊಗೆ ನಿಂತಿತು, ಅವನದು ನಿಲ್ಲಲಿಲ್ಲ.

ದೊಡ್ಡ ಮಳೆಯ ತಿಂಗಳಲ್ಲಿ ಬಿಹೊಗೊ ಸೀನತೊಡಗಿತು. ಮೊಲ ಸೀನುವುದನ್ನು ಕೇಳಿದ್ದೀರಾ? ಸಣ್ಣ ಮಗು ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ. ಮೊದಲು ನಮಗೆ ತಮಾಷೆಯಾಗಿತ್ತು. ಆಮೇಲೆ ಮೂಗಿನಿಂದ ಗಟ್ಟಿ ಬಿಳಿ ಸಿಂಬಳ ಬಂತು. ಒಂದು ದಿನ ಅದರ ಮುಂಗಾಲು ನೋಡಿದೆ. ಒಳಮಗ್ಗುಲ ಕೂದಲು ಅಂಟಂಟಾಗಿ ಗಂಟು ಕಟ್ಟಿತ್ತು. ಪಾಪದ್ದು, ಅದೇ ಕಾಲಿನಿಂದ ಮೂಗು ಒರೆಸಿಕೊಂಡು ಒರೆಸಿಕೊಂಡು ಹಾಗಾಗಿತ್ತು. ಸೆಬಾಹಿಜಿಗೆ ಹೇಳಿದರೆ ಶೀತ ಅಂದ. ಶೀತಕ್ಕೆ ಅವನಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನಷ್ಟು ಬೆಂಕಿ. ಹಸುವಿಗೆ ಮಾಡುವ ಉಪಚಾರವನ್ನು ಮೊಲಕ್ಕೆ ಒಂದು ಗುಲಗಂಜಿಯೂ ಕಡಿಮೆಯಿಲ್ಲದಂತೆ ಮಾಡಿದ. ಅದು ಇನ್ನಷ್ಟು ಸೀನಿತು.

ಸೀಮೆಹಸುಗಳಿಗೆ ಸೂಜಿ ಹಾಕಲು ಮೋಟಾರ್‌ಸೈಕಲ್ಲಿನಲ್ಲಿ ಬರುವ ಕಯಿತೆಸಿ ಎಂಬ ಪಶುವೈದ್ಯೆಯನ್ನು ನಾನೇ ದಾರಿಯಲ್ಲಿ ತಡೆದು ಕರೆತಂದೆ. ಆ ಹುಡುಗಿ ಬಾಗಿಲಲ್ಲೇ ಕೆಮ್ಮಿದಳು. ಮೊಲದ ಪಕ್ಕೆಗೆ ಕಿವಿ ಇಟ್ಟು ಕೇಳಿದಳು, ಚರ್ಮದಡಿ ಸೂಜಿ ಹಾಕಿದಳು, ನಾಳೆಯೂ ಬರುತ್ತೇನೆ ಅಂದಳು. ಹಾಸಿದ್ದ ಹುಲ್ಲು ಮೂತ್ರ ಕುಡಿದು ನಾರುತ್ತಿದೆ, ಅದನ್ನು ದಿನಾ ಬದಲಿಸಬೇಕು ಅಂದಳು. ಆಮೇಲೆ ಬೆಂಕಿಯ ಕಡೆ ನೋಡಿದಳು.

“ತಾತ, ಹಸುವಿನ ಎದೆಗೂಡು ಎಷ್ಟು ದೊಡ್ಡದು, ಇದರದ್ದು ಎಷ್ಟು ನೋಡಿ. ಹಸು ತಡೆಯೋ ಹೊಗೆ ಇದು ತಡೆಯಲ್ಲ. ಇದನ್ನ ಕೊಲ್ತಾ ಇರೋದು ನಿಮ್ಮ ಬೆಂಕೀನೇ.”

ಸೆಬಾಹಿಜಿ ಅವಳು ಹೋದ ಮೇಲೆ ಹುಲ್ಲು ಬದಲಿಸಿದ. ಬೆಂಕಿಗೆ ಕೈ ಹಚ್ಚಲಿಲ್ಲ. ಅಪ್ಪ ಸತ್ತ ದಿನವೂ ಆರದ ಬೆಂಕಿಯನ್ನು ನಿನ್ನೆ ಮೊನ್ನೆ ಕಣ್ಣು ಬಿಟ್ಟ ಹುಡುಗಿಯ ಮಾತಿಗೆ ಆರಿಸಲೇ ಎಂದು ನನ್ನ ಮೇಲೆ ರೇಗಿದ. ನಾನೂ ಸುಮ್ಮನಿರುವವಳಲ್ಲ. ಹಾಗಾದರೆ ಬೆಂಕಿಯನ್ನೇ ಸಾಕಿಕೋ, ಮೊಲವನ್ನು ಹೂಳಲು ಗುಂಡಿ ತೋಡು ಎಂದು ಬಾಳೆಯ ಈಚೆಯಿಂದಲೇ ಕೂಗಿ ಒಳಗೆ ಹೋದೆ.

ಮರುದಿನ ಮಧ್ಯಾಹ್ನ ಬುಟ್ಟಿ ಎತ್ತಿಕೊಂಡು ನನ್ನ ಬಾಗಿಲಿಗೆ ಬಂದ. ಬಿಹೊಗೊ ತಲೆ ಮೇಲೆತ್ತಿ ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಹಿಂದಿನ ದಿನದಿಂದ ಒಂದೆಲೆಯನ್ನೂ ಮೂಸಿರಲಿಲ್ಲ. ಮೂಗು ಕಟ್ಟಿದ ಮೊಲ ವಾಸನೆ ತಿಳಿಯದೆ ಮೇವು ಬಿಡುತ್ತದೆ, ಮೇವು ಬಿಟ್ಟ ಮೊಲ ಬದುಕುವುದಿಲ್ಲ ಎಂದು ಕಯಿತೆಸಿ ಹೇಳಿಯೇ ಹೋಗಿದ್ದಳು.

“ದುಸಾಬೆಯ ಅವ್ವ, ನಿಮ್ಮ ಮನೇಲಿ ಹೊಗೆ ಇಲ್ಲ,” ಅಂದ. ದುಸಾಬೆ ಮದುವೆಯಾಗಿ ಹೋದ ನನ್ನ ಮಗಳು. ಅಷ್ಟು ವರ್ಷಗಳಲ್ಲಿ ಅವನು ನನ್ನಲ್ಲಿ ಕೇಳಿದ್ದು ಅದೊಂದೇ, ಅದನ್ನೂ ಕೇಳಿದ ಹಾಗೆ ಕೇಳಲಿಲ್ಲ.

ಒಳಗೆ ಮೂರು ಮದುವೆಗಳ ಬಿಳಿ ಬಟ್ಟೆ ಹರಡಿಕೊಂಡಿತ್ತು. ಒಂದು ಕೂದಲು ಅಂಟಿದರೂ ಮದುಮಗಳ ತಾಯಿ ನನ್ನ ಚರ್ಮ ಸುಲಿಯುತ್ತಾಳೆ. ಬೇಡ ಅನ್ನಬೇಕೆಂದು ಬಾಯಿ ತೆರೆದೆ. ಮೊಲ ನನ್ನನ್ನು ನೋಡಿತು. ಅದಕ್ಕೇನು ಗೊತ್ತಾಗುತ್ತೆ ಅನ್ನಬೇಡಿ, ನೋಡಿತು. ಬಟ್ಟೆಯನ್ನೆಲ್ಲ ಬಾಚಿ ಮಂಚದ ಕೋಣೆಗೆ ಒಯ್ದು, ಕಿಟಕಿಯ ಕೆಳಗೆ ಜಾಗ ಮಾಡಿದೆ.

“ಇಟ್ಕೋತೀನಿ ಅಣ್ಣ. ಆದರೆ ನೀನು ಈ ಹೊಗೆ ನಾತ ಹೊತ್ತುಕೊಂಡು ಒಳಗೆ ಬರಬೇಡ. ಮೈ ತೊಳ್ಕೋ, ಅಂಗಿ ಬದಲಿಸು, ಆಮೇಲೆ ಅದನ್ನ ಮುಟ್ಟು.”

ದನಗಾಹಿಗೆ ಹೊಗೆಯ ವಾಸನೆ ಎಂದರೆ ಮರ್ಯಾದೆ. ಮದುವೆಯಲ್ಲಿ ಅವನ ಮೈ ಮೂಸಿಯೇ ಮುದುಕರು ಇವನು ನಿಜವಾದ ದನಗಾಹಿ ಅನ್ನುತ್ತಾರೆ. ಆ ಮನುಷ್ಯ ನನ್ನ ಹಿತ್ತಿಲಲ್ಲಿ ದಿನಾ ಬೆಳಿಗ್ಗೆ ಸೋಪು ತಿಕ್ಕಿ, ನನ್ನ ಗಂಡನ ಹಳೇ ಅಂಗಿ ತೊಟ್ಟು, ಒದ್ದೆ ಕೋಳಿಯ ಹಾಗೆ ನಡುಗುತ್ತಾ ಒಳಗೆ ಬರುತ್ತಿದ್ದ. ಕಯಿತೆಸಿ ಬಂದು ಸೂಜಿ ಹಾಕಿ ಹೋಗುತ್ತಿದ್ದಳು, ನಾನು ಬಿಸಿನೀರಿನ ಬಟ್ಟೆಯಿಂದ ಮೊಲದ ಮೂಗು ಒರೆಸುತ್ತಿದ್ದೆ. ಅವನು ಗೆಣಸಿನೆಲೆ ಅರೆದು ನೀರು ಮಾಡಿ, ಸೂಜಿ ಇಲ್ಲದ ಪಿಚಕಾರಿಯಲ್ಲಿ ಬಾಯಿಯ ಪಕ್ಕದಿಂದ ಹನಿ ಹನಿ ಕುಡಿಸುತ್ತಿದ್ದ. ನೇರ ಹಾಕಿದರೆ ಉಸಿರಿಗೆ ಸೇರುತ್ತದೆ. ಹನಿಗೊಮ್ಮೆ ಹೊಗಳಿಕೆ. ಅಳತೆ ಕೊಡಲು ಬಂದ ಹೆಂಗಸರು ಇದೇನು ಹೊಸ ದೆವ್ವ ಹಿಡಿಯಿತು ಎಂದು ನನ್ನನ್ನು ಕೇಳಿದರು. ಬಟ್ಟೆ ಬೇಕಾದರೆ ನಿಲ್ಲಿ, ಇಲ್ಲದಿದ್ದರೆ ನಡೆಯಿರಿ ಅಂದೆ. ಮನೆಯಲ್ಲಿ ಇನ್ನೊಬ್ಬರ ದನಿ ಕೇಳುತ್ತಾ ಹೊಲಿಯುವುದು ನನಗೆ ಎಷ್ಟು ಹಿತವಾಗಿತ್ತು ಅನ್ನುವುದು ಆಗಲೇ ಗೊತ್ತಾದದ್ದು.

ಒಂದು ಸಂಜೆ ಹಿತ್ತಿಲಲ್ಲಿ ಬಟ್ಟೆ ತೆಗೆಯುವಾಗ ಏನೋ ಕಡಿಮೆಯಾದ ಹಾಗಿತ್ತು. ನಿಂತು ನೋಡಿದೆ. ಬಾಳೆಯ ಆಚೆ ಹೊಗೆ ಇರಲಿಲ್ಲ. ಈ ಮನುಷ್ಯ ಬಿದ್ದು ಗಿದ್ದು ಹೋದನೋ ಎಂದು ಓಡಿದೆ. ಸೆಬಾಹಿಜಿ ಅಡುಗೆಮನೆಯ ಗೋಡೆ ಕೆಡವಿ ಕಿಟಕಿ ಮಾಡುತ್ತಿದ್ದ. ಬೆಂಕಿಯಿದ್ದ ಜಾಗದಲ್ಲಿ ಒದ್ದೆ ಬೂದಿ, ಅದನ್ನೂ ಗುಡಿಸಿ ಒಂದು ಮೂಲೆಗೆ ಒಟ್ಟಿದ್ದ. ಕಣ್ಣು ಕೆಂಪಾಗಿತ್ತು, ಹೊಗೆಯಂತೂ ಕಾರಣವಲ್ಲ. ಬೈಯುತ್ತಲೇ ಬಂದಿದ್ದ ನಾನು ಕೆಡವಿದ ಮಣ್ಣನ್ನು ಎತ್ತಿ ಹೊರಗೆ ಹಾಕತೊಡಗಿದೆ.

“ಬೆಂಕಿ ಇರೋದು ದನಕ್ಕೋಸ್ಕರ,” ಅಂದ. “ದನ ಇರೋದು ಬೆಂಕಿಗೋಸ್ಕರ ಅಲ್ಲ. ಅಪ್ಪ ಇದ್ದಿದ್ದರೂ ಹೀಗೇ ಅಂತಿದ್ದ.” ಅಪ್ಪ ಹಾಗೆ ಅನ್ನುತ್ತಿದ್ದನೋ ಇಲ್ಲವೋ, ನಾನು ಹೌದು ಅಂದೆ.

ಅದಾಗಿ ಸ್ವಲ್ಪ ದಿನಕ್ಕೆ, ನಾನು ಬಟ್ಟೆಗೆ ತೋಳು ಜೋಡಿಸುತ್ತಿರುವಾಗ, ಕಿಟಕಿಯ ಕೆಳಗೆ ಕರಕರ ಸದ್ದಾಯಿತು. ಬಿಹೊಗೊ ಯಾರೂ ಕೊಡದ ಬಳ್ಳಿಯೊಂದನ್ನು ತಾನೇ ಎಳೆದು ಜಗಿಯುತ್ತಿತ್ತು. ಸೆಬಾಹಿಜಿ ಕೈಯಲ್ಲಿದ್ದ ಪಿಚಕಾರಿ ಕೆಳಗಿಟ್ಟು ಎದ್ದು ಹೋಗಿ ಬಾಳೆಯ ನಡುವೆ ಬೆನ್ನು ಮಾಡಿ ನಿಂತ. ನಾನು ಇನ್ನೊಂದು ಬಳ್ಳಿ ತಂದು ಮೊಲದ ಮುಂದೆ ಹಾಕಿದೆ.

ಕಯಿತೆಸಿ ಬಂದು ಇನ್ನು ಮನೆಗೆ ಒಯ್ಯಬಹುದು ಅಂದಳು. ಈ ರೋಗ ಪೂರ್ತಿ ಹೋಗುವಂಥದ್ದಲ್ಲ, ಒಳಗೆ ಅಡಗಿ ಕೂತಿರುತ್ತದೆ, ಹೊಗೆಯೋ ಒದ್ದೆಯೋ ತಾಗಿದರೆ ಮತ್ತೆ ಏಳುತ್ತದೆ ಎಂದೂ ಹೇಳಿದಳು. ಅಂದರೆ ಆ ಬೆಂಕಿ ಮತ್ತೆ ಹತ್ತುವಂತಿಲ್ಲ. ಸೆಬಾಹಿಜಿ ತಲೆಯಾಡಿಸಿ, ಬುಟ್ಟಿ ಎತ್ತಿಕೊಂಡು, ನನ್ನ ಗಂಡನ ಅಂಗಿಯಲ್ಲೇ ನಡೆದುಬಿಟ್ಟ. ಹೋಗುವಾಗ ಒಂದು ಮಾತಿಲ್ಲ! ಮಾತು ಹಾಳಾಗಲಿ, ಒಂದು ಚಿಪ್ಪು ಬಾಳೆಹಣ್ಣಾದರೂ ಬೇಡವೇ? ಬಂದವರಿಗೆಲ್ಲ ಹೇಳಿಕೊಂಡು ಉರಿದೆ. ಹಸುವನ್ನು ಹೊಗಳಲು ಬರುತ್ತದೆ, ಮನುಷ್ಯರಿಗೆ ಒಂದು ಒಳ್ಳೆ ಮಾತು ಹೇಳಲು ಬರುವುದಿಲ್ಲ ಅಂದೆ. ಕೋಣೆ ಬಣಬಣ ಅನ್ನುತ್ತಿದ್ದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಳೆ ನಿಂತು ಬೇಸಿಗೆ ಶುರುವಾದಾಗ ಕೆಳಗಿನ ಊರಿನಲ್ಲಿ ಒಂದು ದೊಡ್ಡ ಮದುವೆ. ಬಟ್ಟೆ ನನ್ನದು, ಹೊಗಳಿಕೆ ಅವನದು. ಎರಡು ಕಡೆಯವರೂ ಎದುರುಬದುರು ಚಪ್ಪರದಲ್ಲಿ ಕೂತಿದ್ದರು. ನಾನು ಸೂಜಿ ದಾರ ಹಿಡಿದು ಹಿಂದೆ, ಬಿಯರ್ ಮಡಕೆಗಳ ಪಕ್ಕ ನಿಂತಿದ್ದೆ. ಎಲ್ಲಾದರೂ ಹೊಲಿಗೆ ಬಿಟ್ಟರೆ ಬೇಕಲ್ಲ. ಹುಡುಗಿಯ ಕಡೆಯ ಹಿರಿಯರು ದನಗಾಹಿಯನ್ನು ಮುಂದೆ ಕರೆದರು. ಬಂದಿರುವ ಹಸುಗಳಿಗೆ ರೋಗವಿಲ್ಲ, ಕುಂದಿಲ್ಲ ಎಂದು ಆಣೆ ಇಟ್ಟು ಹೇಳು ಅಂದರು.

ನಮ್ಮಲ್ಲಿ ಗಟ್ಟಿ ಆಣೆ ಇಡುವುದು ಹಸು ಕೊಟ್ಟವರ ಹೆಸರಿನಲ್ಲಿ. ಇಂಥವರು ನನಗೆ ಹಸು ಕೊಟ್ಟರು ಅಂದರೆ ಮುಗಿಯಿತು, ಅದರಾಚೆ ಮಾತಿಲ್ಲ. ಉಪಕಾರ ಮಾಡಿದವರನ್ನು ಸಾಯುವ ತನಕ ಹಾಗೆ ನೆನೆಯುತ್ತಾರೆ. ಸೆಬಾಹಿಜಿ ಯಾವಾಗಲೂ ತನ್ನ ಹಳೇ ಯಜಮಾನರ ಹೆಸರು ಹೇಳುತ್ತಿದ್ದ, ಅವರು ಅವನಿಗೆ ಒಂದು ಕರುವನ್ನೂ ಕೊಟ್ಟಿರದಿದ್ದರೂ.

ಅವನು ಕೋಲೆತ್ತಿದ. ಮೈಯಲ್ಲಿ ಹೊಗೆಯ ವಾಸನೆ ಇರಲಿಲ್ಲ, ಸೋಪಿನ ವಾಸನೆ ಇದ್ದಿರಬೇಕು. ಎರಡೂ ಚಪ್ಪರಗಳಿಗೆ ಕೇಳುವ ಹಾಗೆ ಹೇಳಿದ.

“ಮುಕಾಬುಟೆರಾ ನನಗೆ ಹಸು ಕೊಟ್ಟಳು. ಈ ಹಸುಗಳಲ್ಲಿ ಕುಂದಿಲ್ಲ.”

ನನ್ನನ್ನು ಕಟ್ಟಿಕೊಂಡ ಗಂಡನೂ ನನ್ನ ಹೆಸರಿನಲ್ಲಿ ಎಂದೂ ಆಣೆ ಇಟ್ಟವನಲ್ಲ. ಯಾರು ಆ ಮುಕಾಬುಟೆರಾ ಎಂದು ಹಿರಿಯರು ಕೇಳಿದರು. ನನ್ನನ್ನು ಬಲ್ಲವರು ಬಾಯಿಗೆ ಕೈ ಇಟ್ಟುಕೊಂಡರು, ಇವಳ ಹತ್ತಿರ ಒಂದು ಆಡೂ ಇಲ್ಲ ಎಂಬುದು ಅವರಿಗೆ ಗೊತ್ತು. ಸೆಬಾಹಿಜಿ ನಗಲಿಲ್ಲ. ಕೋಲನ್ನು ಮಡಕೆಗಳ ಕಡೆ, ನನ್ನ ಕಡೆ ನೀಡಿದ. ಹಸು ಕೊಟ್ಟವರನ್ನು ನಿಲ್ಲಿಸಬಾರದು ಎಂದು ಹಿರಿಯರು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದರು. ನಾನು ಹೋಗಿ ಕೂತೆ. ಮದುವೆ ಮನೆ ಅನ್ನುವುದನ್ನೂ ಮರೆತು ಅತ್ತೆ, ಸಂತೋಷಕ್ಕೇ ಅತ್ತೆ. ಹುಡುಗಿಯ ತಂದೆ ಎದ್ದು ನನ್ನತ್ತ ಒಮ್ಮೆ ತಲೆಬಾಗಿ, ಬೇರೆ ಸಾಕ್ಷಿ ಬೇಡ ಅಂದರು, ಹಸುಗಳನ್ನು ಒಳಗೆ ಬಿಟ್ಟುಕೊಂಡರು.